ಕೊಳವೆ ಹೂಳುವುದೂ ಕೊಳವೆ ಕಾಯುವುದೂ

ಊರಿಗೆ ನೀರು ತರುವುದು ಪುಣ್ಯಕಾರ್ಯವೆಂಬ ಭಾವನೆ ನಮ್ಮ ನಾಡಿನಲ್ಲಿ ಬಹು ಪ್ರಾಚೀನವಾದುದು. ತಂದ ನೀರನ್ನು ಕೆಡದಂತೆ, ಪೋಲಾಗದಂತೆ, ಕಡೆಯ ಮನೆಯ ಕೊಡದವರೆಗೂ ಮುಟ್ಟಿಸುವುದು ಅದಕ್ಕಿಂತ ಕಡಮೆಯ ಕಾರ್ಯವಲ್ಲವೆಂಬ ತಿಳಿವಳಿಕೆಯೂ ಒಂದು ಕಾಲದಲ್ಲಿ ಅಷ್ಟೇ ಗಟ್ಟಿಯಾಗಿದ್ದಿತು. ಈಗ ಮೊದಲನೆಯದು ಉಳಿದು ಎರಡನೆಯದು ಸವೆದುಹೋಗಿದೆ. ಹೊಸ ಕೊಳಾಯಿ ಯೋಜನೆಗೆ ಗುದ್ದಲಿ ಪೂಜೆ ನಡೆಯುತ್ತದೆ, ಕಲ್ಲಿನ ಫಲಕದ ಮೇಲೆ ಹತ್ತಾರು ಹೆಸರುಗಳನ್ನು ಕೆತ್ತಿಸುತ್ತಾರೆ. ಅದೇ ಕೊಳಾಯಿಯ ಸಂದು ಕೆಲವು ವರ್ಷಗಳ ತರುವಾಯ ಸಡಿಲಿ ಸೋರತೊಡಗಿದಾಗ, ಅದನ್ನು ಬಿಗಿದವನು ಯಾರೆಂದು ಯಾರೂ ಕೇಳುವುದಿಲ್ಲ, ಬಿಗಿಯದೆ ಬಿಟ್ಟವನು ಯಾರೆಂದೂ ಕೇಳುವುದಿಲ್ಲ. ಹೊಳೆಯನ್ನೂ ಮಳೆಯನ್ನೂ ದೂರುತ್ತ ನಾವು ಅನುಭವಿಸುತ್ತಿರುವ ನಲ್ಲಿ ನೀರಿನ ತೊಂದರೆಗಳಲ್ಲಿ ಬಹುಪಾಲು ಈ ಅನಾದರದಿಂದ ಹುಟ್ಟಿದುವೆಂದೂ, ಅವುಗಳ ಪರಿಹಾರವು ಹೊಸ ಕೊಳವೆ ಹೂಳುವುದಕ್ಕಿಂತ ಹೆಚ್ಚಾಗಿ ಹೂತ ಕೊಳವೆಯನ್ನು ಕಾಯುವುದರಲ್ಲಿದೆಯೆಂದೂ ನಿರೂಪಿಸುವುದು ಈ ಲೇಖನದ ಉದ್ದೇಶ.

ಇಂಥ ವಿಚಾರಕ್ಕೆ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳು ತಕ್ಕ ನೆಲೆ. ಕಾವೇರಿಯ ಕವಲೊಂದರ ಮೇಲೆ ಮೇಲ್ಗಾಲುವೆಯನ್ನು ಕಟ್ಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರನ್ನು ಹಾಯಿಸಿದ ಬಂಗಾರದೊಡ್ಡಿ ನಾಲೆ ಹದಿನೇಳನೆಯ ಶತಮಾನದ ಕಂಠೀರವ ನರಸರಾಜ ಒಡೆಯರ ಕಾಲದ್ದು; ಪಾಂಡವಪುರದ ಬಳಿಯ ತೊಣ್ಣೂರು ಕೆರೆ ಅದಕ್ಕೂ ಎಷ್ಟೋ ಶತಮಾನ ಹಿಂದಿನದು; ಕೃಷ್ಣರಾಜಸಾಗರದ ಕೆಲಸ ಆರಂಭವಾದದ್ದು 1911ರಲ್ಲಿ. ಮೈಸೂರು ನಗರದ ಕೊಳಾಯಿಗಳಿಗೆ ನೀರು ಹೋಗುವುದು ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದ ಕಡೆಯಿಂದ. 1974ರಿಂದೀಚೆಗೆ ಬೆಂಗಳೂರಿಗೆ ಕಾವೇರಿ ಏರುತ್ತಿರುವುದು ಇದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಎರಡು ಮಹಾನಗರಗಳ ಬಾಯಾರಿಕೆಯನ್ನು ತಣಿಸುವ ಈ ನೆಲದಲ್ಲಿಯೇ ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಂಥ ಊರುಗಳು ಕೊಳವೆ ಬಾವಿಯನ್ನೂ ತೊಂಬೆಯನ್ನೂ ಎತ್ತರದ ಟ್ಯಾಂಕನ್ನೂ ನಂಬಿ ಬದುಕಬೇಕಾಗಿದೆ. ಅಲ್ಲಿಂದ ಮನೆಗಳಿಗೆ ಇಳಿಯುವ ಕೊಳವೆಯ ಯೋಗ್ಯತೆ ಎಷ್ಟೋ ಆ ಮನೆಯವರ ಆರೋಗ್ಯವೂ ಅಷ್ಟೇ.

ಕೆರೆ ಕಾಲುವೆಗಳಿಗೂ ಕೊಳವೆಗೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಕೆರೆಯ ಏರಿಯಲ್ಲಿ ಬಿರುಕು ಕಂಡರೆ ದನ ಕಾಯುವ ಹುಡುಗನೂ ಓಡಿಬಂದು ಹೇಳುತ್ತಾನೆ. ಕಾಲುವೆಯ ಬದು ಕುಸಿದರೆ ಗದ್ದೆಯವನು ಅಂದೇ ಗುದ್ದಲಿ ಹಿಡಿಯುತ್ತಾನೆ. ಕೊಳವೆಯಲ್ಲಿ ಹರಿಯುವ ನೀರು ಮಾತ್ರ ಕಣ್ಣಿಗೆ ಮರೆಯಾದ ನೀರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಹೆಸರಘಟ್ಟದ ನೀರು ಬೆಂಗಳೂರಿನ ಕೊಳಾಯಿಗಳಿಗೆ ಬಂದಾಗ ಜನಕ್ಕೆ ದೊರೆತ ಸೌಕರ್ಯ ಅಲ್ಪವಾದುದಲ್ಲ. ಆದರೆ ಅಂದಿನಿಂದ ನೀರಿನ ಹಾದಿಯನ್ನು ಬಲ್ಲವರು ಊರಿನ ಸಮಸ್ತರಾಗಿರದೆ ಇಲಾಖೆಯ ಕೆಲವರೇ ಆದರು. 2019ರಲ್ಲಿ ಆರಂಭವಾಗಿ ನಮ್ಮ ರಾಜ್ಯದಲ್ಲಿ ಮನೆ ಮನೆಗೆ ಗಂಗೆ ಎಂಬ ಹೆಸರು ಪಡೆದ ಜಲಜೀವನ ಯೋಜನೆ ಈ ಕಣ್ಮರೆಯ ನೀರನ್ನು ಹಳ್ಳಿಯ ಹೊಸಿಲಿಗೂ ತಂದಿದೆ. ಕಾಣದ ವಸ್ತುವನ್ನು ಕಾಯುವುದಕ್ಕೆ ಕಾಣುವ ವಸ್ತುವನ್ನು ಕಾಯುವುದಕ್ಕಿಂತ ಹೆಚ್ಚಿನ ವ್ಯವಸ್ಥೆ ಬೇಕು. ನಾವು ಇಟ್ಟುಕೊಂಡಿರುವುದು ಅದಕ್ಕಿಂತ ಕಡಮೆಯದು.

ಕೊಳವೆಯ ರೋಗಗಳಲ್ಲಿ ಎಲ್ಲರೂ ಬಲ್ಲದ್ದು ಸೋರಿಕೆ. ಹಳೆಯ ಬೀಡು ಕಬ್ಬಿಣದ ಕೊಳವೆಗಳಲ್ಲಿ ಸಣಬನ್ನು ತುರುಕಿ ಕರಗಿಸಿದ ಸೀಸವನ್ನು ಹೊಯ್ದು ಮಾಡಿದ ಸಂದುಗಳು ನೆಲದ ಅಲುಗಾಟಕ್ಕೆ ಸಡಿಲುತ್ತವೆ. ಈಗಿನ ಪಿವಿಸಿ ಕೊಳವೆಗಳಲ್ಲಿ ಅಂಟನ್ನು ಅವಸರದಲ್ಲಿ ಬಳಿದ ಕಡೆ, ಕೆಳಗೆ ಮರಳಿನ ಹಾಸಿಲ್ಲದೆ ಜಲ್ಲಿಕಲ್ಲಿನ ಮೇಲೆ ಕೊಳವೆಯನ್ನಿಟ್ಟ ಕಡೆ, ಒಂದು ಮೀಟರು ಆಳಕ್ಕೆ ಹೂಳಬೇಕಾದುದನ್ನು ಒಂದು ಮೊಳಕ್ಕೆ ಹೂತ ಕಡೆ, ಕಬ್ಬಿನ ಲಾರಿಯೂ ಟ್ರ್ಯಾಕ್ಟರೂ ಹಾದುಹೋದಂತೆ ಬಿರುಕು ಮೂಡುತ್ತದೆ. ದೊಡ್ಡ ಕೊಳವೆಯಿಂದ ಮನೆಗೆ ಕವಲು ತೆಗೆಯುವ ಜಾಗವಂತೂ ಸೋರಿಕೆಯ ತವರು. ದೊಡ್ಡ ಕೊಳವೆ ಒಡೆದು ರಸ್ತೆಯಲ್ಲಿ ಕಾರಂಜಿ ಎದ್ದರೆ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಮರುದಿನವೇ ದುರಸ್ತಿಯೂ ಆಗುತ್ತದೆ. ನಷ್ಟದ ಬಹುಭಾಗ ಆಗುವುದು ಕಾಣದಂತೆ ತಿಂಗಳುಗಟ್ಟಲೆ ಜಿನುಗುವ ಸಣ್ಣ ರಂಧ್ರಗಳಿಂದ. ಹತ್ತು ಮೀಟರು ಎತ್ತರದ ಟ್ಯಾಂಕಿನಿಂದ ಇಳಿದ ಕೊಳವೆಯಲ್ಲಿ ಮೂರು ಮಿಲಿಮೀಟರು ಅಗಲದ ಒಂದೇ ಒಂದು ತೂತು ಇದ್ದು ಕೊಳವೆ ಸದಾ ತುಂಬಿದ್ದರೆ, ಭೌತವಿಜ್ಞಾನದ ಸಾಮಾನ್ಯ ಲೆಕ್ಕದಂತೆ, ದಿನವೊಂದಕ್ಕೆ ಸುಮಾರು 5,000 ಲೀಟರು ನೀರು ಅದರಿಂದ ಹೊರಬೀಳುತ್ತದೆ. ಗ್ರಾಮದಲ್ಲಿ ತಲೆಗೆ ದಿನಕ್ಕೆ 55 ಲೀಟರೆಂಬುದು ಜಲಜೀವನ ಯೋಜನೆಯ ಅಳತೆ. ಆದಕಾರಣ ಕಿರುಬೆರಳ ತುದಿಯೂ ತೂರದ ಆ ರಂಧ್ರವು ತೊಂಬತ್ತು ಜನರ ಪಾಲನ್ನು ಪ್ರತಿದಿನವೂ ನುಂಗುತ್ತಿರುತ್ತದೆ. ಅಂಥ ನಾಲ್ಕು ತೂತುಗಳಿರುವ ಊರು ಹೊಸದೊಂದು ಬೋರ್‌ವೆಲ್ ಕೊರೆಯಿಸಬೇಕೆಂದು ಅರ್ಜಿ ಹಾಕುವುದಕ್ಕೆ ಮೊದಲು ತನ್ನ ಕೊಳವೆಯನ್ನೇ ಪರೀಕ್ಷಿಸಿಕೊಳ್ಳುವುದು ವಿವೇಕ.

ಎರಡನೆಯ ರೋಗ ಒಳಗಿನದು. ಕಬ್ಬಿಣದ ಕೊಳವೆಯ ಒಳಮೈಯಲ್ಲಿ ತುಕ್ಕು ಗಂಟುಗಂಟಾಗಿ ಬೆಳೆಯುತ್ತದೆ. ಕೊಳವೆ ಬಾವಿಯ ಗಡಸು ನೀರು ಸುಣ್ಣದಂಥ ಬಿಳಿಯ ಪದರವನ್ನು ವರ್ಷದಿಂದ ವರ್ಷಕ್ಕೆ ಕಟ್ಟುತ್ತ ಹೋಗುತ್ತದೆ. ಹೀಗೆ ಒಳವ್ಯಾಸದಲ್ಲಿ ಕಾಲುಭಾಗ ಮಾತ್ರ ಕುಗ್ಗಿದರೂ ಅದೇ ಒತ್ತಡಕ್ಕೆ ಹರಿಯುವ ನೀರು ಅರ್ಧಕ್ಕಿಂತ ಕಡಮೆಯಾಗುತ್ತದೆಂಬುದು ಜಲಗತಿಶಾಸ್ತ್ರದ ಸೂತ್ರ. ಮೇಲುಕೇರಿಯ ಕಡೆಯ ಮನೆಗೆ ನೀರೇರದಿದ್ದಾಗ, ಮೋಟಾರಿನ ಶಕ್ತಿ ಸಾಲದೆಂದು ಹೆಚ್ಚಿನ ಅಶ್ವಶಕ್ತಿಯ ಮೋಟಾರನ್ನು ತರುವುದು ವಾಡಿಕೆ. ಕೊಳವೆಯ ಗಂಟಲು ಕಟ್ಟಿರುವುದನ್ನು ನೋಡದೆ ಮೋಟಾರನ್ನು ದೊಡ್ಡದು ಮಾಡಿದರೆ ಒತ್ತಡ ಹೆಚ್ಚಿ, ಮೊದಲೇ ದುರ್ಬಲವಾಗಿದ್ದ ಸಂದುಗಳು ಬಿಟ್ಟುಕೊಳ್ಳುತ್ತವೆ. ಬೀದಿಯ ಕೊನೆಯಲ್ಲಿ ಮುಂದಕ್ಕೆ ದಾರಿಯಿಲ್ಲದೆ ನಿಂತ ಕೊಳವೆಯ ತುದಿಗಳಲ್ಲಿ ಗಸಿ ಇಳಿದು ಕೂರುತ್ತದೆ. ಆ ತುದಿಯ ಮನೆಯವರು ಕೆಂಪು ನೀರು, ನಾರುವ ನೀರು ಎಂದು ಮುಖ ಸಿಂಡರಿಸುವುದು ಇದರಿಂದಲೇ.

ಮೂರನೆಯದು ನಮ್ಮ ಕೈಯಾರೆ ತಂದುಕೊಳ್ಳುವ ಆಘಾತ. ಸೆಕೆಂಡಿಗೆ ಒಂದು ಮೀಟರಿನಂತೆ ಕಬ್ಬಿಣದ ಕೊಳವೆಯಲ್ಲಿ ಹರಿಯುತ್ತಿರುವ ನೀರನ್ನು ವಾಲ್ವು ತಿರುಗಿಸಿ ಥಟ್ಟನೆ ನಿಲ್ಲಿಸಿದರೆ, ಆ ಕ್ಷಣದಲ್ಲಿ ನೂರು ಮೀಟರಿಗೂ ಮಿಕ್ಕ ಎತ್ತರದ ನೀರಿನ ಕಂಬಕ್ಕೆ ಸಮನಾದ ಒತ್ತಡ ಕೊಳವೆಯುದ್ದಕ್ಕೂ ಅಪ್ಪಳಿಸುತ್ತದೆ. ಅವಸರದಲ್ಲಿ ವಾಲ್ವು ಮುಚ್ಚುವ ಕೈ, ವಿದ್ಯುತ್ತು ಹಠಾತ್ತನೆ ಹೋದಾಗ ನಿಲ್ಲುವ ಪಂಪು, ಇವೆರಡೂ ಹಗಲಿರುಳೂ ಈ ಏಟನ್ನು ಕೊಡುತ್ತಲೇ ಇರುತ್ತವೆ. ಬರಿದಾದ ಕೊಳವೆಗೆ ನೀರನ್ನು ರಭಸದಿಂದ ಬಿಟ್ಟಾಗ ಒಳಗಿನ ಗಾಳಿ ಹೊರಹೋಗಲು ದಾರಿಯಿಲ್ಲದೆ ಅದೂ ಹಾನಿ ಮಾಡುತ್ತದೆ. ಏರುಭಾಗದಲ್ಲಿ ಗಾಳಿ ಬಿಡುವ ವಾಲ್ವು, ತಗ್ಗಿನಲ್ಲಿ ಗಸಿ ತೊಳೆದು ಹಾಕುವ ವಾಲ್ವು ಇರತಕ್ಕದ್ದೆಂಬ ನಿಯಮ ನಕ್ಷೆಯಲ್ಲಿರುತ್ತದೆ. ನೆಲದಲ್ಲಿ ಅವು ಎಷ್ಟೋ ವೇಳೆ ಕಾಂಕ್ರೀಟು ರಸ್ತೆಯ ಅಡಿಯಲ್ಲಿ ಮುಚ್ಚಿಹೋಗಿರುತ್ತವೆ.

ಈ ಮೂರಕ್ಕೂ ಬೇರಾಗಿರುವ ದೋಷವೊಂದುಂಟು. ಅದು ಕೊಳವೆಯನ್ನು ದಿನದ ಬಹುಪಾಲು ಖಾಲಿಯಾಗಿಡುವುದು. ನೀರು ತುಂಬಿ ಒತ್ತಡದಲ್ಲಿರುವ ಕೊಳವೆಯಲ್ಲಿ ತೂತು ಇದ್ದರೆ ಒಳಗಿನ ಒಳ್ಳೆಯ ನೀರು ಹೊರಕ್ಕೆ ಬರುತ್ತದೆ, ನಷ್ಟವು ಹಣದ್ದು. ಅದೇ ಕೊಳವೆ ಬರಿದಾದಾಗ ಹೊರಗಿನ ಕೊಚ್ಚೆ ಒಳಕ್ಕೆ ಹೋಗುತ್ತದೆ, ನಷ್ಟವು ಪ್ರಾಣದ್ದು. ನಮ್ಮ ಪಟ್ಟಣಗಳಲ್ಲಿ ಮನೆಗೆ ಹೋಗುವ ಸಣ್ಣ ಕೊಳವೆಗಳು ಚರಂಡಿಯ ಮೈಗೆ ಅಂಟಿಕೊಂಡು, ಎಷ್ಟೋ ಕಡೆ ಚರಂಡಿಯ ನೀರಿನಲ್ಲಿಯೇ ಮುಳುಗಿ ಹಾದುಹೋಗುತ್ತವೆ. ನೀರು ಬಿಡುವ ಗಂಟೆ ಮುಗಿದು ಕೊಳವೆ ಇಳಿಜಾರಿನ ಕಡೆಗೆ ಬಸಿದುಕೊಳ್ಳುವಾಗ ಒಳಗೆ ಉಂಟಾಗುವ ಹೀರುವಿಕೆ, ಅದಕ್ಕೆ ಸೇರಿಕೊಂಡು ಕೆಲವರು ನಲ್ಲಿಗೇ ಮೋಟಾರು ಹಚ್ಚಿ ಎಳೆಯುವ ಹೀರುವಿಕೆ, ಇವೆರಡೂ ಕೂಡಿ ಚರಂಡಿಯ ನೀರನ್ನು ಕೊಳವೆಯೊಳಕ್ಕೆ ಸೆಳೆಯುತ್ತವೆ. ಮರುದಿನ ಮೊದಲು ಬರುವ ನೀರು ಅದನ್ನೇ ಕೊಡಗಳಿಗೆ ತುಂಬುತ್ತದೆ.

ಇದು ಊಹೆಯಲ್ಲ. ಮಲಪ್ರಭೆಯ ನೀರನ್ನು ಕುಡಿಯುವ ಹುಬ್ಬಳ್ಳಿ-ಧಾರವಾಡದಲ್ಲಿ 2008ರ ಸುಮಾರಿಗೆ ಆಯ್ದ ಕೆಲವು ವಾರ್ಡುಗಳಿಗೆ ಹಗಲಿರುಳೂ ನೀರು ಹರಿಸುವ ಏರ್ಪಾಡಾಯಿತು. ಉಳಿದ ಬಡಾವಣೆಗಳಿಗೆ ಹಲವು ದಿನಗಳಿಗೊಮ್ಮೆ ಕೆಲವು ಗಂಟೆ ನೀರು ಬಿಡುವ ಹಳೆಯ ಪದ್ಧತಿಯೇ ಮುಂದುವರಿಯಿತು. ಒಂದೇ ಊರಿನ ಈ ಎರಡು ಭಾಗಗಳ ನಲ್ಲಿ ನೀರನ್ನು ಹೋಲಿಸಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲಸಂಪರ್ಕವನ್ನು ಸೂಚಿಸುವ ಇ-ಕೋಲಿ ಜೀವಾಣು ಬಿಟ್ಟುಬಿಟ್ಟು ನೀರು ಬರುವ ನಲ್ಲಿಗಳ ಮಾದರಿಗಳಲ್ಲಿ ಸುಮಾರು ಮೂರರಲ್ಲೊಂದರಲ್ಲಿ ಕಂಡುಬಂತು. ಸದಾ ನೀರಿರುವ ನಲ್ಲಿಗಳ ಮಾದರಿಗಳಲ್ಲಿ ನೂರಕ್ಕೆ ಒಂದರಲ್ಲಿಯೂ ಕಾಣಲಿಲ್ಲ. ಎರಡು ಭಾಗಕ್ಕೂ ಶುದ್ಧೀಕರಿಸಿದ ನೀರೇ ಹೋಗುತ್ತಿದ್ದಿತೆಂಬುದನ್ನು ಮರೆಯಬಾರದು; ವ್ಯತ್ಯಾಸವೆಲ್ಲ ಹಾದಿಯಲ್ಲಿ ಹುಟ್ಟಿದ್ದು. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದ್ದು, ಕೆಲವರು ಪ್ರಾಣವನ್ನೇ ಕಳೆದುಕೊಂಡದ್ದು, ಸರಬರಾಜಿನ ಪಾಲನೆಯಲ್ಲಿ ಆಗುವ ಉಪೇಕ್ಷೆ ಎಲ್ಲಿಗೆ ಮುಟ್ಟಬಲ್ಲುದೆಂಬುದಕ್ಕೆ ಸಾಕ್ಷಿ.

ಇಲ್ಲಿ ಒಂದು ಆಕ್ಷೇಪ ಸಹಜವಾಗಿಯೇ ಏಳುತ್ತದೆ. ನೀರೇ ಸಾಲದ ಊರಿನಲ್ಲಿ ಕೊಳವೆಯನ್ನು ಸದಾ ತುಂಬಿಡುವುದೆಂದರೆ ಇರುವುದನ್ನೂ ಪೋಲು ಮಾಡಿದಂತಲ್ಲವೆ, ಗಂಟೆ ಗೊತ್ತುಮಾಡಿ ಬಿಡುವುದೇ ಮಿತವ್ಯಯವಲ್ಲವೆ ಎಂದು ಕೇಳುವವರ ಮಾತಿನಲ್ಲಿ ತಥ್ಯವಿಲ್ಲದಿಲ್ಲ: ಸೋರುವ ಕೊಳವೆಯನ್ನು ಹೆಚ್ಚು ಹೊತ್ತು ತುಂಬಿಟ್ಟರೆ ಹೆಚ್ಚು ಸೋರುತ್ತದೆ. ಆದರೆ ಈ ಮಿತವ್ಯಯದ ಇನ್ನೊಂದು ಮುಖವನ್ನೂ ನೋಡಬೇಕು. ನಾಳೆ ನೀರು ಬರುವುದೋ ಇಲ್ಲವೋ ತಿಳಿಯದ ಗೃಹಿಣಿ ಡ್ರಮ್ಮು, ಬಕೆಟ್ಟು, ಹಂಡೆಗಳನ್ನೆಲ್ಲ ತುಂಬಿಸಿಡುತ್ತಾಳೆ. ನಲ್ಲಿ ಬಂದ ದಿನ ಹಳೆಯ ನೀರನ್ನು ಚೆಲ್ಲಿ ಹೊಸ ನೀರನ್ನು ಹಿಡಿಯುತ್ತಾಳೆ. ನೀರು ಬರುವ ವೇಳೆ ಗೊತ್ತಿಲ್ಲದವರು ನಲ್ಲಿಯನ್ನು ತೆರೆದೇ ಬಿಟ್ಟಿರುತ್ತಾರೆ. ಅಳತೆಯಿಲ್ಲದ ಈ ವ್ಯಯಕ್ಕೆ ಮಿತವ್ಯಯವೆಂದು ಹೆಸರಿಡುವುದು ಸಾಧುವಲ್ಲ. ಗಂಟೆಯ ಪದ್ಧತಿಯು ಸೋರಿಕೆಯನ್ನು ಗುಣಪಡಿಸುವುದಿಲ್ಲ. ಅದನ್ನು ದೃಷ್ಟಿಯಿಂದ ಮರೆಮಾಡುತ್ತದೆ, ಅಷ್ಟೆ.

ಸೋರಿಕೆಯನ್ನು ಮರೆಮಾಡದೆ ಗುಣಪಡಿಸಿದ ಊರೂ ಉಂಟು. ದೀರ್ಘಯುದ್ಧದಿಂದ ಜರ್ಜರಿತವಾಗಿದ್ದ ಕಾಂಬೋಡಿಯದ ರಾಜಧಾನಿ ಪ್ನಾಮ್ ಪೆನ್ನಿನಲ್ಲಿ 1993ರಲ್ಲಿ ಕೊಳವೆಗೆ ಬಿಟ್ಟ ನೀರಿನಲ್ಲಿ ನೂರಕ್ಕೆ 72 ಭಾಗ ಲೆಕ್ಕಕ್ಕೆ ಸಿಕ್ಕದೆ ಹೋಗುತ್ತಿದ್ದಿತು. ಎಕ್ ಸೊನ್ ಚಾನ್ ಎಂಬ ಎಂಜಿನಿಯರು ಜಲಮಂಡಲಿಯ ಹೊಣೆ ಹೊತ್ತು, ಹಳೆಯ ಕೊಳವೆಗಳನ್ನು ಬದಲಾಯಿಸಿ, ಮನೆಮನೆಗೂ ಮೀಟರು ಹಾಕಿಸಿ, ಸೋರಿಕೆ ಹುಡುಕುವ ತಂಡಗಳನ್ನು ರಚಿಸಿ, ಪ್ರಭಾವಶಾಲಿಗಳಿಂದಲೂ ನೀರಿನ ಬಿಲ್ಲನ್ನು ವಸೂಲು ಮಾಡಿ, ಒಂದೂವರೆ ದಶಕದಲ್ಲಿ ಆ ನಷ್ಟವನ್ನು ನೂರಕ್ಕೆ ಸುಮಾರು 6ಕ್ಕೆ ಇಳಿಸಿ, ಊರಿಗೆ ದಿನವಿಡೀ ನೀರು ದೊರೆಯುವಂತೆ ಮಾಡಿದರು; 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅಲ್ಲಿ ಹೊಸ ನದಿಯೇನೂ ಹುಟ್ಟಲಿಲ್ಲ. ಬಡತನವೇ ನಮ್ಮ ಅವ್ಯವಸ್ಥೆಗೆ ಕಾರಣವೆಂಬ ಸಮಾಧಾನ ಈ ಉದಾಹರಣೆಯ ಮುಂದೆ ನಿಲ್ಲಲಾರದು.

ಹಾಗೆಂದು ರಾಜಧಾನಿಗಳ ವಿಧಾನವನ್ನು ನಾಗಮಂಗಲದ ಒಂದು ಹಳ್ಳಿಗೆ ಇದ್ದಕ್ಕಿದ್ದಂತೆ ಹೊಂದಿಸಲು ಬರುವುದಿಲ್ಲವೆಂಬುದನ್ನು ಒಪ್ಪತಕ್ಕದ್ದೇ. ಹುಬ್ಬಳ್ಳಿ-ಧಾರವಾಡದಲ್ಲಿಯೂ ಆಯ್ದ ವಾರ್ಡುಗಳ ಯಶಸ್ಸನ್ನು ಇಡೀ ನಗರಕ್ಕೆ ಹರಡುವ ಕೆಲಸ ವರ್ಷಗಟ್ಟಲೆ ಎಳೆಯಿತು; ಖಾಸಗಿ ಕಂಪನಿಗೆ ನೀರನ್ನು ಒಪ್ಪಿಸುವುದರ ವಿರುದ್ಧ ಜನರ ಅಸಮಾಧಾನವೂ ಇದ್ದಿತು. ಹಳ್ಳಿಯಲ್ಲಿ ಪಂಪು ನಡೆಯುವುದು ತ್ರೀಫೇಸ್ ವಿದ್ಯುತ್ತು ಇದ್ದಷ್ಟು ಹೊತ್ತು. ಬೇಸಗೆಯಲ್ಲಿ ಬೋರ್‌ವೆಲ್ಲು ಬತ್ತುವುದೂ ಉಂಟು. ಆದರೂ ಕೊಳವೆ ಬರಿದಾಗದಂತೆ ನೋಡಿಕೊಳ್ಳುವುದಕ್ಕೆ ದಿನವಿಡೀ ಪಂಪು ನಡೆಯಬೇಕಾಗಿಲ್ಲ. ಪ್ರತಿಯೊಂದು ಮನೆಯ ನಲ್ಲಿಗೂ ಬೀದಿಯ ತೊಂಬೆಗೂ ಮುಚ್ಚಿಕೊಳ್ಳುವ ತಿರುಪು ಇದ್ದು, ಕವಲುಗಳ ಸೋರಿಕೆಯನ್ನು ಕಟ್ಟಿ, ಟ್ಯಾಂಕು ಪೂರ್ತಿ ಬಸಿದುಹೋಗುವ ಮುನ್ನ ಅದರ ಹೊರವಾಲ್ವನ್ನು ಮುಚ್ಚಿದರೆ, ನೀರು ಬಿಡದ ಹೊತ್ತಿನಲ್ಲಿಯೂ ಕೊಳವೆ ಬಹುಮಟ್ಟಿಗೆ ತುಂಬಿಯೇ ನಿಲ್ಲುತ್ತದೆ. ತಗ್ಗಿನ ಮನೆಯ ತಿರುಪಿಲ್ಲದ ಒಂದು ನಲ್ಲಿ ಮೇಲಿನ ಕೇರಿಯ ಕೊಳವೆಯನ್ನೆಲ್ಲ ಬರಿದು ಮಾಡುತ್ತದೆ. ಅಲ್ಪ ಬೆಲೆಯ ತಿರುಪು ಈ ಕಾರಣದಿಂದ ದೊಡ್ಡ ಬೆಲೆಯ ಮೋಟಾರಿಗಿಂತ ಮುಖ್ಯವಾಗುತ್ತದೆ.

ಪಾಲನೆಯೆಂದರೆ ಏನೇನೆಂಬುದು ಗೂಢವೇನಲ್ಲ. ಕೊಳವೆ ಎಲ್ಲಿ ಹಾದಿದೆ, ಎಷ್ಟು ಅಗಲದ್ದು, ಯಾವ ವರ್ಷ ಹೂತದ್ದು, ವಾಲ್ವುಗಳು ಎಲ್ಲಿವೆ ಎಂಬುದರ ನಕ್ಷೆ ಪಂಚಾಯಿತಿಯ ಗೋಡೆಯ ಮೇಲಿರಬೇಕು. ಆಪ್ಟಿಕಲ್ ಫೈಬರಿಗಾಗಿಯೋ ಚರಂಡಿಗಾಗಿಯೋ ಜೆಸಿಬಿ ಬೀದಿಗಿಳಿಯುವ ಮೊದಲು ಆ ನಕ್ಷೆಯನ್ನು ನೋಡಿದ ಸಹಿ ಬೀಳಬೇಕು. ಕಾಂಕ್ರೀಟು ರಸ್ತೆ ಹಾಕುವ ಮೊದಲು ಕೊಳವೆಯನ್ನು ಪಕ್ಕಕ್ಕೆ ಸರಿಸಬೇಕು. ಚರಂಡಿ ದಾಟುವ ಕಡೆ ಕೊಳವೆ ಅದಕ್ಕಿಂತ ಮೇಲಿರಬೇಕು, ಹೊರಗೊಂದು ಕವಚವಿರಬೇಕು. ತುದಿಯ ಕೊಳವೆಗಳ ಗಸಿಯನ್ನು ಗೊತ್ತಾದ ಅವಧಿಗೊಮ್ಮೆ ತೊಳೆದು ಬಿಡಬೇಕು. ಎಲ್ಲ ವಾಲ್ವುಗಳನ್ನೂ ವರ್ಷಕ್ಕೆರಡು ಸಲವಾದರೂ ಪೂರ್ತಿ ತಿರುಗಿಸಿ ನೋಡಬೇಕು, ನಿತ್ಯ ಮುಚ್ಚುವಾಗ ಮೆಲ್ಲಗೆ ಮುಚ್ಚಬೇಕು. ಟ್ಯಾಂಕನ್ನು ಬರಿದುಮಾಡಿ ಉಜ್ಜಿ, ತೊಳೆದ ದಿನಾಂಕವನ್ನು ಅದರ ಮೇಲೆಯೇ ಬರೆಯಬೇಕು. ಬ್ಲೀಚಿಂಗ್ ಪುಡಿಯಲ್ಲಿ ಕ್ಲೋರಿನ್ ಕಾಲುಪಾಲು ಇದ್ದರೆ 1,000 ಲೀಟರಿಗೆ ನಾಲ್ಕು ಗ್ರಾಮು, ಎಂದರೆ 50,000 ಲೀಟರಿನ ಟ್ಯಾಂಕಿಗೆ 200 ಗ್ರಾಮು, ಲೀಟರಿಗೆ ಒಂದು ಮಿಲಿಗ್ರಾಮಿನಷ್ಟು ಕ್ಲೋರಿನ್ನನ್ನು ಕೊಡುತ್ತದೆ. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಗಸಿ ಇಳಿದ ಮೇಲಿನ ತಿಳಿಯನ್ನು ಮಾತ್ರ ಹೊಯ್ದು, ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು. ಬಾಯಿ ಬಿಚ್ಚಿದ ಚೀಲದ ಪುಡಿ ಬೇಗ ಸತ್ತ್ವಹೀನವಾಗುತ್ತದೆ. ಅಂಥದನ್ನು ಸುರಿಯುವುದು ಶಾಸ್ತ್ರಕ್ಕೆ ಮಾತ್ರ. ಕಡೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಮು ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕ. ಉಳಿದಿಲ್ಲವಾದರೆ ದಾರಿಯಲ್ಲಿ ಎಲ್ಲೋ ಕೊಚ್ಚೆ ಸೇರಿರಬಹುದೆಂದು ಶಂಕಿಸಬೇಕು.

ಇಷ್ಟನ್ನೂ ಮಾಡತಕ್ಕವನು ಯಾರು? ಹಳೆಯ ಮೈಸೂರಿನ ಗ್ರಾಮಗಳಲ್ಲಿ ಕೆರೆಯ ತೂಬನ್ನು ಎತ್ತಿ ಇಳಿಸಿ ಗದ್ದೆಗದ್ದೆಗೂ ನೀರು ಹಂಚುತ್ತಿದ್ದ ನೀರುಗಂಟಿಗೆ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಇದ್ದಿತು, ಆತನ ಮಾತಿಗೆ ಗೌಡನೂ ತಲೆಬಾಗಬೇಕಿತ್ತು. ಈಗಿನ ಪಂಚಾಯಿತಿಯ ನೀರುಗಂಟಿ ನಸುಕಿನಲ್ಲಿ ಸೈಕಲ್ಲೇರಿ ವಾಲ್ವು ತಿರುಗಿಸುವ, ಕಡಮೆ ಸಂಬಳದ, ತರಬೇತಿಯಿಲ್ಲದ, ನೀರು ಬಾರದ ದಿನ ಎಲ್ಲರಿಂದಲೂ ಬೈಸಿಕೊಳ್ಳುವ ನೌಕರ. ಊರಿನ ಕೊಳವೆಯ ಸಮಗ್ರ ಜ್ಞಾನ ಇರುವುದು ಅವನ ತಲೆಯಲ್ಲಿ ಮಾತ್ರ. ಅವನು ನಿವೃತ್ತನಾದ ದಿನ ಆ ಜ್ಞಾನವೂ ಮನೆಗೆ ಹೋಗುತ್ತದೆ. ಅವನಿಗೆ ತಕ್ಕ ವೇತನ, ಸಲಕರಣೆಯ ಪೆಟ್ಟಿಗೆ, ಕ್ಲೋರಿನ್ ಪರೀಕ್ಷೆಯ ಕಿಟ್ಟು, ದಿನಚರಿಯ ಪುಸ್ತಕ, ಜೊತೆಗೆ ಕಲಿಯುವ ಒಬ್ಬ ಶಿಷ್ಯ, ಇವನ್ನು ಕೊಡದೆ ಎಷ್ಟು ಕೋಟಿ ರೂಪಾಯಿಯ ಕೊಳವೆ ಹೂತರೂ ವ್ಯರ್ಥ. ಪ್ರತಿ ಗ್ರಾಮದಲ್ಲಿಯೂ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯನ್ನು ಕಲಿಸಬೇಕೆಂದು ಜಲಜೀವನ ಯೋಜನೆಯ ನಿಯಮಗಳು ಹೇಳುತ್ತವೆ. ಅವರ ಪರೀಕ್ಷೆಯ ಫಲಿತಾಂಶ ಗ್ರಾಮಸಭೆಯಲ್ಲಿ ಓದಲ್ಪಟ್ಟರೆ ನೀರುಗಂಟಿಯ ಕೆಲಸಕ್ಕೆ ಬೆಂಬಲವೂ ಆದೀತು, ಕಾವಲೂ ಆದೀತು.

ಹಣದ ಪ್ರಶ್ನೆಗೆ ಉತ್ತರವನ್ನು ಗೋವಿಂದನಹಳ್ಳಿಯೇ ಸೂಚಿಸುತ್ತದೆ. ಅಲ್ಲಿ ಹದಿಮೂರನೆಯ ಶತಮಾನದ ಹೊಯ್ಸಳ ಶಿಲ್ಪಿಗಳು ಐದು ಗರ್ಭಗೃಹಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಪಂಚಲಿಂಗೇಶ್ವರ ದೇವಾಲಯವನ್ನು ಕಟ್ಟಿದರು. ಆ ಕಾಲದ ದಾನಶಾಸನಗಳಲ್ಲಿ ದೇವರ ಅಂಗಭೋಗ ರಂಗಭೋಗಗಳ ಜೊತೆಗೇ, ಮುರಿದು ಬಿರಿದ ಭಾಗಗಳ ಜೀರ್ಣೋದ್ಧಾರಕ್ಕಾಗಿಯೂ ಭೂಮಿಯನ್ನು ಬಿಡುವುದು ವಾಡಿಕೆಯಾಗಿದ್ದಿತು. ಕೆರೆಯ ಹೂಳೆತ್ತುವ ಬಂಡಿಗಳಿಗಾಗಿ ಗದ್ದೆ ಬಿಟ್ಟ ಶಾಸನಗಳೂ ಈ ನಾಡಿನಲ್ಲಿ ದೊರೆತಿವೆ. ಕಲ್ಲಿನಲ್ಲಿ ಕಟ್ಟಿದವರೇ ಕಲ್ಲು ಬಿರಿಯುವುದೆಂದು ಮುಂಗಂಡು ಕಟ್ಟಿದ ದಿನವೇ ಅದಕ್ಕೆ ಆದಾಯವನ್ನು ಗೊತ್ತುಮಾಡಿದ್ದರು. ಪ್ಲಾಸ್ಟಿಕ್ಕಿನಲ್ಲಿ ಕಟ್ಟುವ ನಾವು ಆ ಮುಂದಾಲೋಚನೆಯನ್ನು ಬಿಟ್ಟಿದ್ದೇವೆ. ಎತ್ತು ಕೊಳ್ಳುವವನು ಮೇವಿನ ಲೆಕ್ಕವನ್ನು ಮೊದಲೇ ಹಾಕುತ್ತಾನೆ. ಪ್ರತಿಯೊಂದು ನೀರಿನ ಯೋಜನೆಯ ಅಂದಾಜುಪಟ್ಟಿಯಲ್ಲಿಯೂ ಮುಂದಿನ ಮೂವತ್ತು ವರ್ಷಗಳ ಪಾಲನೆಯ ವೆಚ್ಚವೂ ಅದರ ಮೂಲವೂ ನಮೂದಾಗಿರದ ಹೊರತು ಅದಕ್ಕೆ ಮಂಜೂರಾತಿ ಸಲ್ಲದೆಂದು ವಿಧಿಸಬೇಕು. ಹಣವೇ ಇಲ್ಲವೆಂಬ ಮಾತೂ ಪೂರ್ತಿ ನಿಜವಲ್ಲ: 2021ರಿಂದ 2026ರವರೆಗಿನ ಅವಧಿಗೆ ಹದಿನೈದನೆಯ ಹಣಕಾಸು ಆಯೋಗವು ಪಂಚಾಯಿತಿಗಳ ಅನುದಾನದಲ್ಲಿ ನೂರಕ್ಕೆ 60 ಭಾಗವನ್ನು ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟು, ಅದರಲ್ಲಿ ಅರ್ಧವನ್ನು ಕುಡಿಯುವ ನೀರು, ಮಳೆಕೊಯ್ಲು, ನೀರಿನ ಮರುಬಳಕೆಗಳಿಗೆಂದು ಗೊತ್ತುಮಾಡಿತು. ಅದರ ಜೊತೆಗೆ ಮನೆಯವರು ಕೊಡುವ ನೀರಿನ ಕಂದಾಯವು ಬೇರೆ ಬಾಬತ್ತಿಗೆ ಹೋಗದೆ ನೀರಿಗೇ ಉಳಿಯಬೇಕು. ನಲ್ಲಿಗೆ ಮೋಟಾರು ಹಚ್ಚಿ ನೆರೆಯವನ ಪಾಲನ್ನು ಎಳೆಯುತ್ತ, ಕಂದಾಯ ಕೊಡದೆ, ಪಂಚಾಯಿತಿಯನ್ನು ಮಾತ್ರ ಹಳಿಯುವ ನಾಗರಿಕನಿಗೂ ಈ ವಿಚಾರದಲ್ಲಿ ಹೊಣೆಯುಂಟು.

ಇನ್ನು ಮುಂದೆ ಓಟು ಕೇಳಲು ಬಂದವರು ಇಷ್ಟು ಕಿಲೋಮೀಟರು ಕೊಳವೆ ಹಾಕಿಸಿದೆವೆಂದು ಲೆಕ್ಕ ಒಪ್ಪಿಸಿದರೆ, ಮತದಾರರು ಅವರಿಗೆ ಮೂರು ಪ್ರಶ್ನೆಗಳನ್ನು ಹಾಕಬೇಕು: ಕಳೆದ ವರ್ಷ ಬಂದ ಸೋರಿಕೆಯ ದೂರುಗಳಲ್ಲಿ ಎಷ್ಟನ್ನು ಮೂರು ದಿನದೊಳಗೆ ಪರಿಹರಿಸಿದಿರಿ, ಊರಿನ ಕಟ್ಟಕಡೆಯ ನಲ್ಲಿಯಲ್ಲಿ ಕ್ಲೋರಿನ್ ಉಂಟೆಂದು ತಿಂಗಳಿಗೆ ಎಷ್ಟು ಸಲ ನೋಡಿಸಿದಿರಿ, ನೀರುಗಂಟಿಗೆ ಸಂಬಳ ಯಾವ ತಾರೀಕಿನವರೆಗೆ ಸಂದಿದೆ. ಈ ಮೂರಕ್ಕೂ ಲೆಕ್ಕದ ಪುಸ್ತಕ ತೆರೆದು ಉತ್ತರ ಹೇಳಬಲ್ಲ ಪುರಸಭೆಗೂ ಪಂಚಾಯಿತಿಗೂ ಹೊಸ ಕೊಳವೆಯ ಹಣವನ್ನು ಕೊಡುವುದು ನ್ಯಾಯ. ಹೇಳಲಾರದ ಸಂಸ್ಥೆಗೆ ಮೊದಲು ಹಳೆಯ ಕೊಳವೆಯನ್ನು ಕಾಯುವುದನ್ನು ಕಲಿಸುವುದು ಲೇಸು.